ಒಳಪದರ ಬಿಚ್ಚದೆ ಹುಲಿಯ ಮಡಿಕೆ ತೆಗೆದದ್ದು: ನನ್ನ ಅನುಭವ

ರೇಷ್ಮೆಯ ಕಾಕೆಜಿಕುವಿನ, ಅಂದರೆ ಗೋಡೆಗೆ ತೂಗುಹಾಕುವ ಜಪಾನಿ ಸುರುಳಿಚಿತ್ರದ, ಅಡ್ಡಮಡಿಕೆ ಹೋಗಬೇಕಾದರೆ ಚಿತ್ರದ ಬೆನ್ನಿಗೇ ಅಂಟಿದ ಮೊದಲ ಕಾಗದದ ಪದರವಾದ ಹಾದಾಉರಾವನ್ನೂ ಬಿಚ್ಚಲೇಬೇಕೆಂದು ಕ್ಯೋಟೋದಲ್ಲಿ ನನ್ನೊಡನೆ ಸುರುಳಿ ಕಟ್ಟುವ ಕೆಲಸ ಕಲಿತವರೆಲ್ಲ ವಾದಿಸಿದ್ದರು. ಅದನ್ನು ಮುಟ್ಟದೆಯೇ ಮತ್ತೆ ಕಟ್ಟಿದ ನನ್ನ ಹುಲಿಚಿತ್ರದ ಬೆನ್ನಿನಲ್ಲಿ ಎರಡು ಮಳೆಗಾಲ ಕಳೆದರೂ ಮಡಿಕೆ ಎದ್ದಿಲ್ಲ.

ಚಿತ್ರ ಬಹುಶಃ ಮೇಜಿ ಕಾಲದ್ದು (1868–1912). ಶೈಲಿ ಹುಲಿಚಿತ್ರಗಳಿಗೆ ಹೆಸರಾದ ಕಲಾವಿದ ಗಾಂಕುವಿನ ಕಿಶಿ ಪರಂಪರೆಯನ್ನು ಹೋಲುತ್ತದೆ. ಪ್ರತಿ ತಿಂಗಳ 21ರಂದು ಕ್ಯೋಟೋದ ತೋಜಿ ದೇವಾಲಯದಲ್ಲಿ ನೆರೆಯುವ ಸಂತೆಯಲ್ಲಿ ಸುಮಾರು 7,000 ಯೆನ್‌ಗೆ ಕೊಂಡಿದ್ದೆ. ಹುಲಿಯೇ ಇಲ್ಲದ ದೇಶದಲ್ಲಿ ಚರ್ಮವನ್ನೂ ಮನೆಬೆಕ್ಕನ್ನೂ ನೋಡಿ ಚಿತ್ರಿಸುತ್ತಿದ್ದುದರಿಂದ ಮುಖದಲ್ಲಿ ಬೆಕ್ಕಿನ ಕಳೆಯೇ ಹೆಚ್ಚಾಗಿದ್ದರೂ, ಒಂದೊಂದಾಗಿ ಎಳೆದ ರೋಮದ ಗೆರೆಗಳು ಸೊಗಸಾಗಿವೆ. ಆದರೆ ಚಿಪ್ಪಿನ ಪುಡಿಯ ಬಣ್ಣವಾದ ಗೋಫುನ್‌ನ ಬಿಳಿ ಮೀಸೆಯಲ್ಲಿ, ಬಣ್ಣ ಹಿಡಿದಿಡುವ ಪ್ರಾಣಿಜನ್ಯ ಅಂಟಾದ ನಿಕಾವಾದ ಹಿಡಿತ ಸಡಿಲಿ ಪುಡಿ ಉದುರುತ್ತಿತ್ತು. ಹಾದಾಉರಾ ನೆನೆಸಿದರೆ ಮೀಸೆಯೂ ಹೋಗುವ ಭಯವಿತ್ತು. ಹೊಸದಾಗಿ ಕಟ್ಟಿಕೊಡಲು ವೃತ್ತಿಪರರೊಬ್ಬರು ಹೇಳಿದ ದರವೋ ಲಕ್ಷ ಯೆನ್ ದಾಟಿತ್ತು.

ಮೀಸೆಗೆ ತೆಳು ನಿಕಾವಾ ಕೊಟ್ಟು, ಹೊರಗಿನ ಉದಾ ಕಾಗದವನ್ನೂ ನಡುವಿನ ಮಿಸು ಕಾಗದವನ್ನೂ ಅಂಗುಲ ಅಂಗುಲವಾಗಿ ತೇವಗೊಳಿಸಿ ಸುಲಿದೆ. ಮಡಿಕೆ ಬಿದ್ದಲ್ಲಿ ಬೆನ್ನಿಗೆ ಅಂಟಿಸುವ ಓರೆಬುಸೆ ಎಂಬ ಕಾಗದದ ಪಟ್ಟಿಗಳನ್ನು ಮಾತ್ರ ಮೊದಲು ಮೀನಿನ ಚಿತ್ರವಿದ್ದ ಒಂದು ಅಗ್ಗದ ಸುರುಳಿಯ ಮೇಲೆ ಪರೀಕ್ಷಿಸಿದ್ದೆ, ಮತ್ತು ಅದು ಪೂರ್ತಿ ಹಾಳಾಯಿತು: ದಪ್ಪ ಕಾಗದದ ಪಟ್ಟಿಯ ಪಕ್ಕದಲ್ಲೇ ಹೊಸ ಮಡಿಕೆ ಬಿತ್ತು, ತಾಜಾ ಗೋಧಿಗಂಜಿ ಒಣಗಿ ಹಪ್ಪಳದಂತೆ ಬಿರುಸಾಯಿತು. ಕೊನೆಗೆ ತೀರ ತೆಳುವಾದ ಮಿನೋ ಕಾಗದದ ಮೂರು ಮಿಲಿಮೀಟರ್ ಪಟ್ಟಿಗಳು ಹೊಂದಿದವು. ಹೊಸ ಹೊರಪದರಗಳನ್ನು ಅಂಟಿಸಲು ಬೇಕಾದ, ಹತ್ತು ವರ್ಷ ಜಾಡಿಯಲ್ಲಿ ಮಾಗಿ ಅಂಟು ಕುಗ್ಗಿದ ಗಂಜಿ ನನ್ನ ಬಳಿ ಇರಲಿಲ್ಲ. ಹೊಸದನ್ನೇ ಆ ಹದಕ್ಕೆ ತಂದ ಬಗೆಯನ್ನು ಸದ್ಯಕ್ಕೆ ಹೇಳಲಾರೆ. ಅಂಟು ಅಷ್ಟು ದುರ್ಬಲವಾಗಿದ್ದಾಗ ಪದರಗಳನ್ನು ಬಡಿದು ಕೂಡಿಸುವ ಕುಂಚವಾದ ಉಚಿಬಾಕೆಯ ಹೊಡೆತದಲ್ಲಿ ಜಿಪುಣತನ ಸಲ್ಲದು ಎಂಬುದಷ್ಟನ್ನು ಹೇಳಬಲ್ಲೆ.

ಸುರುಳಿ ಮೃದುವಾಗಲೆಂದು ಬೆನ್ನನ್ನು ಉಜ್ಜಲು ವಾಡಿಕೆಯ ಗಾಜಿನ ಮಣಿಗಳ ಬದಲು ಊರಿನಿಂದ ತಂದಿದ್ದ ತುಳಸಿಮಣಿಯನ್ನೂ ಬಳಸಿ ನೋಡಿದೆ. ಅದು ಕಾಗದದ ನಾರನ್ನು ಎಬ್ಬಿಸಿತು. ರುದ್ರಾಕ್ಷಿಯ ಗೋಜಿಗೆ ಹೋಗಲಿಲ್ಲ.

ಅಂಚು ಅಂಟಿಸಿ ಬಿಗಿಯಾಗಿ ಒಣಗಿಸುವ ಕರಿಬಾರಿ ಹಲಗೆಯ ಮೇಲೆ ಮೂರು ತಿಂಗಳಷ್ಟು ಒಣಗಿಸಿದೆ. ಅವಸರ ಮಾಡಿದವರ ಸುರುಳಿಗಳ ಅಂಚು ಮುದುಡಿದ್ದನ್ನು ನೋಡಿದ್ದೇನೆ. ಈಗ ಸುರುಳಿಯ ಕೋಲನ್ನು ದಪ್ಪಗಾಗಿಸುವ ಫುತೊಮಾಕಿ ತೊಡಿಸಿ ಸಡಿಲವಾಗಿ ಸುತ್ತುತ್ತೇನೆ. ಹಳೆಯ ಅಂಚುಬಟ್ಟೆಯನ್ನೇ ಮರಳಿ ಬಳಸಿದ್ದರಿಂದ ಒಟ್ಟು ಖರ್ಚು 25,000 ಯೆನ್ ಆಸುಪಾಸಿನಲ್ಲಿ ನಿಂತಿತು. ಅದರಲ್ಲಿ ಅರ್ಧವನ್ನು ಉಚಿಬಾಕೆಯೊಂದೇ ನುಂಗಿತು.