ಬಾವಿಗೆ ಇಣುಕುವ ಮೊದಲು ಬೀದಿ ಸುತ್ತಿ ಬನ್ನಿ

ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ ಮತ್ತೆ ಬಾವಿ ತೋಡಿಸುವವರನ್ನು ಕಾಣುತ್ತಿದ್ದೇವೆ. ಮಣ್ಣು ವಡ್ಡರು ಬರುತ್ತಾರೆ, ಸಿಮೆಂಟ್ ರಿಂಗ್ ಇಳಿಸುತ್ತಾರೆ, ಜಾಗ ಚೆನ್ನಾಗಿದ್ದರೆ 20–30 ಅಡಿಯಲ್ಲೇ ನೀರು ತೋರಿಸುತ್ತಾರೆ. ಸಾವಿರ ಅಡಿ ಕೊರೆಸಿಯೂ ಧೂಳು ಕಂಡವರಿಗೆ ಅದು ಸಣ್ಣ ಖುಷಿಯೇನಲ್ಲ. ಒಂದು ಮಾತು ಮಾತ್ರ ನೆನಪಿರಲಿ. ಮೇಲಿನ ಪದರದ ನೀರು ನಮ್ಮ ಬೀದಿಯ ನೀರು. ಬೀದಿಯವರು ನೆಲಕ್ಕೆ ಬಿಟ್ಟಿದ್ದೆಲ್ಲ ಒಂದಲ್ಲ ಒಂದು ದಿನ ಅಲ್ಲಿಗೆ ಇಳಿಯುತ್ತದೆ.

ಹಾಗಾಗಿ ಮೊದಲ ಕೆಲಸ ನಡಿಗೆ. ಒಂದು ಹಾಳೆಯಲ್ಲಿ ನಿಮ್ಮ ಬಾವಿ ಬರೆದುಕೊಳ್ಳಿ. ಮಳೆ ನೀರು ಯಾವ ಕಡೆಗೆ ಹರಿಯುತ್ತದೆ ನೋಡಿ. ಸಾಮಾನ್ಯವಾಗಿ ಮೇಲ್ಪದರದ ನೀರೂ ಇಳಿಜಾರು ಹಿಡಿದು ಕೆರೆ, ರಾಜಕಾಲುವೆಯ ಕಡೆಗೇ ಸಾಗುತ್ತದೆ. ಬಾವಿಗಿಂತ ಎತ್ತರದ ಬದಿಯ ಮನೆಗಳಲ್ಲಿ ಕೇಳಿ: ಯುಜಿಡಿ (ನೆಲದಡಿಯ ಒಳಚರಂಡಿ) ಇದೆಯೋ, ಪಿಟ್ಟೋ (ಶೌಚದ ಇಂಗುಗುಂಡಿ)? ಬಾವಿಯಿಂದ 50 ಅಡಿಯೊಳಗೆ ಯಾವ ಪಿಟ್ಟೂ ಇರಬಾರದು. 30x40 ಸೈಟುಗಳ ಸಾಲಿನಲ್ಲಿ ಇದು ಎಷ್ಟು ಕಷ್ಟ ಅಂತ ಅಳೆದಾಗಲೇ ಗೊತ್ತಾಗುತ್ತದೆ. ದನದ ಕೊಟ್ಟಿಗೆ, ಗ್ಯಾರೇಜು, ಲೋಹಕ್ಕೆ ಬಣ್ಣ ಅಥವಾ ಲೇಪ ಕೊಡುವ ಶೆಡ್ಡು, ಕಸ ತುಂಬಿಸಿ ಮುಚ್ಚಿದ ಹಳೇ ಕಲ್ಲುಗುಂಡಿ ಕಂಡರೆ ಅದನ್ನೂ ಗುರುತು ಹಾಕಿ.

ಪಿಟ್ಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕ್ರಿಮಿಗಳನ್ನು ಮಣ್ಣು ಒಂದು ಮಟ್ಟಿಗೆ ಸೋಸುತ್ತದೆ. ದೂರ ಹೆಚ್ಚಿದಷ್ಟೂ ಅವು ಸಾಯುತ್ತವೆ. ಆದರೆ ಮಲಮೂತ್ರದಲ್ಲಿನ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟ್ ನೀರಿನಲ್ಲಿ ಪೂರ್ತಿ ಕರಗಿ, ಮಣ್ಣಿಗೆ ಅಷ್ಟಾಗಿ ಅಂಟದೆ ಸೀದಾ ಹೋಗುತ್ತದೆ. ಬೀದಿಗೆ ಎರಡು ಪಿಟ್ ಇದ್ದಾಗ ಮಳೆ ನೀರು ಅದನ್ನು ತೆಳುವಾಗಿಸುತ್ತಿತ್ತು. ಈಗ ಮನೆಗೊಂದು ಪಿಟ್, ಸೈಟಿನ ತುಂಬ ಕಾಂಕ್ರೀಟ್. ಕೊಳೆ ಇಳಿಯುತ್ತಿದೆ, ಮಳೆ ಇಳಿಯುತ್ತಿಲ್ಲ. ಬೆಳೆಯುವ ಊರಿನ ಬಾವಿ ಕೆಡುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ. ಯುಜಿಡಿ ಬಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ, ಪೈಪಿನ ಜಾಯಿಂಟುಗಳೂ ಸೋರುತ್ತವೆ.

ಆಮೇಲೆ ಬಾವಿಯನ್ನೇ ನೋಡಿ. ಮೇಲಿನ ರಿಂಗುಗಳ ಸಂದಿ ಮುಚ್ಚಿದೆಯಾ? ಕಟ್ಟೆಯ ಸುತ್ತ ಪಾತ್ರೆ ತೊಳೆದ ನೀರು ನಿಲ್ಲುತ್ತದೆಯಾ? ರಸ್ತೆಯ ನೀರು ಒಳಗೆ ಬರುತ್ತಿದ್ದರೆ ಇವತ್ತೇ ನಿಲ್ಲಿಸಿ, ಅದರ ಜೊತೆ ಗಾಡಿಗಳ ಎಣ್ಣೆಯೂ ಬರುತ್ತದೆ.

ಈಗ ಪರೀಕ್ಷೆ. ನಮ್ಮ ಬಾವಿ ನೀರನ್ನು ಗಾಜಿನ ಲೋಟಕ್ಕೆ ಹಾಕಿ ಹಿಂದೆ ದಿನಪತ್ರಿಕೆ ಹಿಡಿದರೆ ಅಕ್ಷರ ಓದಬಹುದಿತ್ತು. ಅಷ್ಟು ತಿಳಿ. ಅದೇ ನೀರನ್ನು ಎಚ್‌ಟುಎಸ್ ಬಾಟಲಿಗೆ (ಮಲದ ಕ್ರಿಮಿ ಪತ್ತೆಗೆ ಮನೆಯಲ್ಲೇ ಬಳಸುವ ಪರೀಕ್ಷಾ ಬಾಟಲಿ) ಗೆರೆಯವರೆಗೆ ತುಂಬಿಸಿ ಅಡುಗೆಮನೆ ಮೂಲೆಯಲ್ಲಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಕಾಡಿಗೆಯ ಹಾಗೆ ಕಪ್ಪು. ಹಾಗೆ ಕಪ್ಪಾದರೆ ನೀರಿಗೆ ಮಲದ ಸಂಪರ್ಕ ಆಗಿರಬಹುದು ಅಂತ ಅರ್ಥ. ಇದು ಮನೆಯ ಪರೀಕ್ಷೆ, ಅಷ್ಟಕ್ಕೇ ಬಿಡಬೇಡಿ. ಪ್ರಯೋಗಾಲಯದಿಂದಲೇ ಶುದ್ಧ ಬಾಟಲಿ ತಂದು, ನೀರು ತುಂಬಿಸಿ, ಐಸ್ ಜೊತೆ ಅದೇ ದಿನ ತಲುಪಿಸಿ.

ವರದಿ ಬಂದಾಗ ಮೊದಲು ನೋಡಬೇಕಾದದ್ದು ಇ. ಕೋಲೈ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ. 100 ಮಿ.ಲೀ. ನೀರಿನಲ್ಲಿ ಒಂದೂ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ದಾಟಬಾರದು. ದಾಟಿದರೆ ಹಸುಗೂಸಿಗೆ ಆ ನೀರು ಕೊಡಲೇಬೇಡಿ, ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟುವ ಅಪಾಯವಿದೆ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಆರ್‌ಒ ಬೇಕು, ಇಲ್ಲವೇ ಕುಡಿಯಲು ಬೇರೆ ನೀರು. ಇನ್ನು ನೀರಿನಲ್ಲಿ ಕರಗಿದ ಲವಣಾಂಶ ಅಂದಾಜಿಸುವ ಟಿಡಿಎಸ್ ಪೆನ್ ನಂಬಿ ಕೂರಬೇಡಿ. ಅದು 300 ತೋರಿಸಿದರೂ ಕ್ರಿಮಿ ಇರಬಹುದು. ನೈಟ್ರೇಟ್, ಕ್ಲೋರೈಡ್ ಎರಡೂ ಒಟ್ಟಿಗೆ ಏರಿದ್ದರೆ ಮೊದಲ ಅನುಮಾನ ಕೊಳಚೆಯ ಮೇಲೆ ಇರಲಿ. ನಮ್ಮ ಕಡೆಯ ಕಲ್ಲಿನಿಂದ ಅವು ಅಷ್ಟೊಂದು ಬರುವುದಿಲ್ಲ. ಹತ್ತಿರ ಲೇಪದ ಶೆಡ್ಡು ಕಂಡಿದ್ದರೆ ಕ್ರೋಮಿಯಂ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

ಕ್ರಿಮಿಗೆ ಮದ್ದು ಬ್ಲೀಚಿಂಗ್ ಪೌಡರ್. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ. ನಾಲ್ಕಡಿ ಅಗಲದ ಬಾವಿಯಲ್ಲಿ ಹತ್ತಡಿ ನೀರಿದ್ದರೆ ಅದು 3,500 ಲೀಟರ್, ಅಂದರೆ 9 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ. ಅದನ್ನು ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಬಿಟ್ಟು ಬಳಸಿ. ಕೊಳೆ ಜಾಸ್ತಿ ಇದ್ದರೆ ಪುಡಿಯೂ ಜಾಸ್ತಿ ಬೇಕಾಗುತ್ತದೆ.

ನೈಟ್ರೇಟ್ ತಗ್ಗಿಸಲು ಚಾವಣಿಯ ನೀರನ್ನು ಸೋಸಿ ಬಾವಿಗೆ ಬಿಡಿ. ಬೆಂಗಳೂರಿನ ಮಳೆ ವರ್ಷಕ್ಕೆ ಸುಮಾರು 970 ಮಿ.ಮೀ. ಸಾವಿರ ಚದರಡಿ ಚಾವಣಿಯ ಮೇಲೆ ಸುಮಾರು 90,000 ಲೀಟರ್ ಬೀಳುತ್ತದೆ. ಪಿಟ್ ಹಾಗೇ ಉಳಿದರೆ ಅದೂ ಸಾಲದು. ಆ ಹಾಳೆ ಹಿಡಿದು ಮೇಲಿನ ಮನೆಯವರ ಬಾಗಿಲು ತಟ್ಟಿ. ತಪ್ಪು ಹೊರಿಸಬೇಡಿ, ವರದಿ ತೋರಿಸಿ. ನಮ್ಮ ಪಕ್ಕದ ಮನೆಯ ಅಜ್ಜಿ ಹಾಳೆ ನೋಡಿ, 'ಅಯ್ಯೋ, ನಮ್ಮ ಪಿಟ್ಟು ನಿಮ್ಮ ಬಾವಿಗೆ ಇಷ್ಟು ಹತ್ತಿರನಾ?' ಅಂದರು. ಯುಜಿಡಿಗೆ ಸೇರಿಸಲು ಅರ್ಜಿಯನ್ನು ಎರಡೂ ಮನೆಯವರು ಒಟ್ಟಿಗೇ ಕೊಟ್ಟೆವು.

ಮಳೆಗಾಲ ಮುಗಿದ ಮೇಲೆ, ನವೆಂಬರಿನಲ್ಲಿ, ಇನ್ನೊಂದು ಬಾಟಲಿ ನೀರು ಪರೀಕ್ಷೆಗೆ ಕೊಡಿ.