ನೀಲಗಿರಿ ಎಣ್ಣೆ ಬಾಟಲಿಗೆ ಮನೆಯಲ್ಲಿ ಜಾಗ ಎಲ್ಲಿ?

ಊಟಿಗೆ ಹೋಗಿ ಬಂದವರ ಚೀಲದಲ್ಲಿ ಚಾಕಲೇಟು, ಟೀಪುಡಿ ಜೊತೆಗೆ ನೀಲಗಿರಿ ಎಣ್ಣೆಯ ಬಾಟಲಿ ಇದ್ದೇ ಇರುತ್ತದೆ. ಈಚೆಗೆ ಲ್ಯಾವೆಂಡರ್, ಟೀ ಟ್ರೀ, ಮಜ್ಜಿಗೆ ಹುಲ್ಲಿನ ಎಣ್ಣೆ ಅಂತ ಇನ್ನೂ ನಾಲ್ಕೈದು ಪುಟ್ಟ ಬಾಟಲಿಗಳು ಮನೆ ಸೇರಿವೆ. ಬಳಸಬೇಡಿ ಅನ್ನುವವಳಲ್ಲ ನಾನು. ಆದರೆ ಅವನ್ನು ಇಟ್ಟಿರುವ ಜಾಗ ನೋಡಿದಾಗ ಎದೆ ಝಲ್ಲೆನ್ನುತ್ತದೆ. ಒಂದು ಮನೆಯಲ್ಲಿ ಕೆಮ್ಮಿನ ಸಿರಪ್ಪಿನ ಪಕ್ಕ, ಇನ್ನೊಂದರಲ್ಲಿ ದೇವರ ದೀಪದ ಹತ್ತಿರ, ಮತ್ತೊಂದರಲ್ಲಿ ಮಗು ನಿಂತರೆ ಕೈಗೆ ಸಿಗುವ ಟೀವಿ ಸ್ಟ್ಯಾಂಡಿನ ಮೇಲೆ.

ಸಿರಪ್ಪಿನ ಪಕ್ಕ ಇಡುವುದೇ ಎಲ್ಲಕ್ಕಿಂತ ದೊಡ್ಡ ಅಪಾಯ. ರಾತ್ರಿ ಮಗು ಕೆಮ್ಮುತ್ತಿದೆ, ನಿದ್ದೆಗಣ್ಣು, ಲೈಟು ಹಾಕಿಲ್ಲ, ಕೈಗೆ ಸಿಕ್ಕ ಕಂದು ಬಾಟಲಿಯಿಂದ ಚಮಚಕ್ಕೆ ಬಗ್ಗಿಸಿದರೆ ಮುಗಿಯಿತು. ನೀಲಗಿರಿ ಎಣ್ಣೆ ಒಂದು ಚಮಚ ಹೊಟ್ಟೆಗೆ ಹೋದರೂ ಸಣ್ಣ ಮಗುವಿಗೆ ಮಂಪರು ಹತ್ತಿ, ಫಿಟ್ಸ್ ಬರಬಹುದು. ಲವಂಗದ ಎಣ್ಣೆ ಪುಟ್ಟ ಮಕ್ಕಳ ಲಿವರನ್ನೇ ಕೆಡಿಸಬಲ್ಲದು. ಅಂಥದ್ದೇನಾದರೂ ಆದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪುನೀರೂ ಕುಡಿಸಬೇಡಿ. ವಾಂತಿಯಲ್ಲಿ ಮೇಲೆ ಬರುವ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಮಗು ಚೆನ್ನಾಗಿಯೇ ಆಡುತ್ತಿದೆಯಲ್ಲ ಅಂತ ಕಾಯುತ್ತಲೂ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಆ ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಬಿದ್ದರೆ ಉಜ್ಜದೆ ಹದಿನೈದು ನಿಮಿಷ ನಲ್ಲಿ ನೀರು ಬಿಟ್ಟು ತೊಳೆಯಬೇಕು.

ಹಾಗಾಗಿ ನಮ್ಮ ಮನೆಯಲ್ಲಿ ಈ ಬಾಟಲಿಗಳಿಗೆ ಬೇರೆಯೇ ಮುಚ್ಚಳದ ಸ್ಟೀಲ್ ಡಬ್ಬಿ. ಅದು ಬೀಗ ಹಾಕುವ ಬೀರುವಿನ ಮೇಲಿನ ಅರೆಯಲ್ಲಿರುತ್ತದೆ. ಒಲೆಯಿಂದ, ದೀಪದಿಂದ ದೂರ, ಏಕೆಂದರೆ ಇವು ಬೇಗ ಬೆಂಕಿ ಹಿಡಿಯುವ ವಸ್ತುಗಳು. ಫ್ರಿಜ್ಜಿನ ತಲೆಯ ಮೇಲೂ ಬೇಡ, ಅಲ್ಲಿ ಸದಾ ಬಿಸಿ. ಕಂದು ಗಾಜಿನ ಬಾಟಲಿಯಿಂದ ಪ್ಲಾಸ್ಟಿಕ್ಕಿಗೆ ಬಗ್ಗಿಸಬೇಡಿ. ಖಾಲಿ ಟಾನಿಕ್ ಬಾಟಲಿಗಂತೂ ದೇವರಾಣೆ ಬೇಡ. ರಬ್ಬರ್ ಡ್ರಾಪರನ್ನು ಬಾಟಲಿಯಲ್ಲೇ ಬಿಟ್ಟರೆ ರಬ್ಬರ್ ಅಂಟಂಟಾಗಿ ಹಾಳಾಗುತ್ತದೆ, ಹನಿ ಹಾಕಿದ ಮೇಲೆ ಮಾಮೂಲಿ ಮುಚ್ಚಳವನ್ನೇ ಬಿಗಿಯಾಗಿ ಹಾಕಿ. ಈ ಎಣ್ಣೆಯ ಶಕ್ತಿ ನೋಡಬೇಕಾದರೆ ಹೊಸ ಸ್ಟೀಲ್ ಪಾತ್ರೆಯ ಸ್ಟಿಕರ್ ಕಿತ್ತ ಮೇಲೆ ಉಳಿಯುವ ಅಂಟಿಗೆ ಹತ್ತಿಯಲ್ಲಿ ಎರಡು ಹನಿ ನೀಲಗಿರಿ ಎಣ್ಣೆ ಹಚ್ಚಿ ಒರೆಸಿ. ಸೋಪಿಗೂ ಜಗ್ಗದ ಅಂಟು ಕರಗಿ ಹತ್ತಿಗೆ ಬರುತ್ತದೆ. ಅದೇ ಹತ್ತಿಯನ್ನು ಟೀಪಾಯಿ ಮೇಲೆ ಮರೆತರೆ ಅಲ್ಲಿನ ಪಾಲಿಶೂ ಎದ್ದು ಬರುತ್ತದೆ. ಇಂಥದ್ದನ್ನು ಕೂಸಿನ ಮೂಗಿನ ಕೆಳಗೆ ಸವರುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ.

ಎರಡು ವರ್ಷದೊಳಗಿನ ಮಕ್ಕಳಿಗೆ ನೀಲಗಿರಿ, ಕರ್ಪೂರ, ಪೆಪ್ಪರ್‌ಮಿಂಟ್ ಯಾವುದೂ ಬೇಡ. ಮೂಗಿಗೂ ಬೇಡ, ಎದೆಗೂ ಬೇಡ. ಹೇನು ಹೋಗಲಿ ಅಂತ ಮಕ್ಕಳ ತಲೆಗೆ ನೀಲಗಿರಿ ಎಣ್ಣೆ ಸುರಿಯುವುದೂ ಬೇಡ, ಚರ್ಮದ ಮೂಲಕವೂ ಅದು ಮೈಗೆ ಇಳಿಯುತ್ತದೆ. ದೊಡ್ಡವರು ಹಚ್ಚಿಕೊಳ್ಳುವುದಾದರೆ ಎರಡು ಟೀ ಚಮಚ ಕೊಬ್ಬರಿ ಎಣ್ಣೆಗೆ ಎರಡರಿಂದ ನಾಲ್ಕು ಹನಿ ಸಾಕು. ಮೊದಲು ಮೊಣಕೈ ಒಳಮಡಿಕೆಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ, ಕೆಂಪಾದರೆ ಅಲ್ಲಿಗೆ ಬಿಡಿ. ನೆಗಡಿಗೆ ಕರವಸ್ತ್ರಕ್ಕೆ ಒಂದು ಹನಿ ಹಾಕಿ ದಿಂಬಿನ ಪಕ್ಕ ಇಟ್ಟುಕೊಂಡರೆ ಸಾಕು. ಅಸ್ತಮಾ ಇರುವವರು ಇರುವ ಕೋಣೆಯಲ್ಲಿ ಅದೂ ಬೇಡ. ಹಲ್ಲುನೋವಿಗೆ ಲವಂಗದ ಎಣ್ಣೆಯನ್ನು ಹಾಗೇ ಹಚ್ಚಿದರೆ ವಸಡು ಸುಡುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ತೆಳು ಮಾಡಿ ಹತ್ತಿಯಲ್ಲಿ ಮುಟ್ಟಿಸಿ, ಮರುದಿನ ಡಾಕ್ಟರ ಹತ್ತಿರ ಹೋಗಿ.

ಮಂಡಿನೋವಿಗೆ ಅಂತ ಊಟಿಯಿಂದ ತರುವ ವಿಂಟರ್‌ಗ್ರೀನ್ ಎಣ್ಣೆಯ ವಿಷಯ ನನ್ನ ವಯಸ್ಸಿನವರಿಗೆ ಬೇರೆಯಾಗಿ ಹೇಳಬೇಕು. ಅದರಲ್ಲಿರುವುದು ಆಸ್ಪಿರಿನ್ ಜಾತಿಯದೇ ಔಷಧ. ಒಂದು ಟೀ ಚಮಚ, ಅಂದರೆ 5 ಮಿ.ಲೀ. ಎಣ್ಣೆ 325 ಮಿ.ಗ್ರಾಂ.ನ 20ಕ್ಕೂ ಹೆಚ್ಚು ಆಸ್ಪಿರಿನ್ ಮಾತ್ರೆಗೆ ಸಮ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು.

ನೆಲ ಒರೆಸುವ ನೀರಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಹಾಕಿದರೆ ಮನೆಯೆಲ್ಲ ಘಮಘಮ. ಎಣ್ಣೆ ನೀರಲ್ಲಿ ಬೆರೆಯದೆ ತೇಲುತ್ತದೆ, ಆದ್ದರಿಂದ ಮೊದಲು ಸೋಪಿನ ದ್ರಾವಣದಲ್ಲಿ ಕಲಸಿ ಆಮೇಲೆ ಬಕೆಟ್ಟಿಗೆ ಹಾಕಿ. ಬೆಕ್ಕು ಸಾಕಿದವರು ಇದನ್ನೆಲ್ಲ ಬಿಟ್ಟುಬಿಡಿ, ಅದರ ಲಿವರಿಗೆ ಈ ಎಣ್ಣೆಗಳನ್ನು ಅರಗಿಸುವ ಶಕ್ತಿ ಇಲ್ಲ, ಟೀ ಟ್ರೀ ಅಂತೂ ಅದಕ್ಕೆ ವಿಷ. ಸೊಳ್ಳೆ ಮಷೀನಿನ ಖಾಲಿ ರೀಫಿಲ್ಲಿಗೆ ಕರ್ಪೂರ, ನೀಲಗಿರಿ ಎಣ್ಣೆ ತುಂಬಿ ರಾತ್ರಿಯಿಡೀ ಉರಿಸುವ ಉಪಾಯವೊಂದು ಮೊಬೈಲಿನಲ್ಲಿ ಓಡಾಡುತ್ತಿದೆ. ಮುಚ್ಚಿದ ಕೋಣೆಯಲ್ಲಿ ಮಕ್ಕಳು ಬೆಳಗಿನ ತನಕ ಆ ಆವಿ ಕುಡಿಯಬೇಕಾಗುತ್ತದೆ, ಬೆಂಕಿಯ ಭಯ ಬೇರೆ. ದಯವಿಟ್ಟು ಮಾಡಬೇಡಿ.

ಬಾಟಲಿ ತೆರೆದ ದಿನವೇ ತಾರೀಕನ್ನು ಅದರ ಮೇಲೆ ಬರೆದಿಡಿ. ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆ ಒಂದೆರಡು ವರ್ಷಕ್ಕೆ ಕೆಡುತ್ತದೆ, ಶ್ರೀಗಂಧದ್ದು ಬಹಳ ಕಾಲ ಬಾಳುತ್ತದೆ. ಮುಚ್ಚಳದ ಸುತ್ತ ಅಂಟು ಕಟ್ಟಿದ್ದರೆ, ವಾಸನೆ ಘಾಟಾಗಿದ್ದರೆ ಆ ಎಣ್ಣೆ ಮೈಗೆ ಬೇಡ. ಹಳೆಯದು ಚರ್ಮಕ್ಕೆ ತುರಿಕೆ, ಅಲರ್ಜಿ ತರುತ್ತದೆ. ಕಿತ್ತಳೆಯದಾದರೆ ಪಾತ್ರೆಯ ಸ್ಟಿಕರ್ ಅಂಟು ತೆಗೆಯಲು ಇಟ್ಟುಕೊಳ್ಳಿ, ಅದಕ್ಕೂ ಚೆನ್ನಾಗಿಯೇ ಬರುತ್ತದೆ.