ಓಡುತ್ತಿರುವ ಟೇಬಲ್‌ಗೆ ಫಾರಿನ್ ಕೀ ಹಾಕುವುದು: ನನ್ನ ಅನುಭವ

ನನ್ನ ಕೈಗೆ ಬರುವ ಡೇಟಾಬೇಸ್‌ಗಳಲ್ಲಿ ಹೆಚ್ಚಿನವು ಹಳೆಯವು. 'ತಪಾಸಣೆಯೆಲ್ಲ ಆ್ಯಪ್‌ನಲ್ಲೇ ಇದೆ' ಎಂದು ಹೇಳಿಯೇ ಒಪ್ಪಿಸುತ್ತಾರೆ. ಇರಬಹುದು. ಆದರೆ ಅದೇ ಟೇಬಲ್‌ಗೆ ರಾತ್ರಿ ಓಡುವ ಸ್ಕ್ರಿಪ್ಟೂ ಬರೆಯುತ್ತದೆ, ಅವಸರದಲ್ಲಿ ಯಾರೋ ನೇರವಾಗಿ ಅಪ್‌ಡೇಟ್ ಹೊಡೆಯುತ್ತಾರೆ. ಅದಕ್ಕೇ ನಿಯಮ ಡೇಟಾಬೇಸಿನಲ್ಲೇ ಇರಲಿ ಎನ್ನುವುದು ನನ್ನ ಹಠ. ಫಾರಿನ್ ಕೀ ಅಂಥದ್ದೇ ಒಂದು ನಿಯಮ: ಆರ್ಡರ್ ಸೂಚಿಸುವ ಗ್ರಾಹಕ ಗ್ರಾಹಕರ ಟೇಬಲ್‌ನಲ್ಲಿ ಇರಲೇಬೇಕು ಎನ್ನುವಂಥದ್ದು.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ನಾನು ಮೊದಲು ಮಾಡುವುದು ಅನಾಥ ಸಾಲುಗಳ ಹುಡುಕಾಟ: ಲೆಫ್ಟ್ ಜಾಯಿನ್ (ಎರಡು ಟೇಬಲ್‌ಗಳನ್ನು ಜೋಡಿಸಿ ನೋಡುವ ಕ್ವೆರಿ) ಹಾಕಿ, ಗ್ರಾಹಕನೇ ಇಲ್ಲದ ಆರ್ಡರ್‌ಗಳನ್ನು ಹೊರತೆಗೆಯುತ್ತೇನೆ. ಅವನ್ನು ಅಳಿಸಬೇಕೋ ಸರಿಪಡಿಸಬೇಕೋ ಎಂದು ವ್ಯವಹಾರ ಬಲ್ಲವರು ಹೇಳಬೇಕು, ನಾನಲ್ಲ. ಕೆಲಸದ ಅರ್ಧ ಸಮಯ ಈ ಮಾತುಕತೆಗೇ ಹೋಗುತ್ತದೆ.

ಆಮೇಲೆ ಫಾರಿನ್ ಕೀಯನ್ನು 'ನಾಟ್ ವ್ಯಾಲಿಡ್' ಎಂದು ಸೇರಿಸುತ್ತೇನೆ. ಹೊಸ ಸಾಲುಗಳಿಗೆ ನಿಯಮ ಆ ಕ್ಷಣದಿಂದಲೇ ಜಾರಿ. ಹಳೆಯವನ್ನು ಆಗ ಮುಟ್ಟುವುದಿಲ್ಲ, ಹಾಗಾಗಿ ಬೇಗ ಮುಗಿಯುತ್ತದೆ. ಹಳೆಯ ಸಾಲುಗಳ ಪರಿಶೀಲನೆಗೆ ನಂತರ 'ವ್ಯಾಲಿಡೇಟ್ ಕನ್ಸ್‌ಟ್ರೇಂಟ್'. ಅದು ಎಷ್ಟು ಹೊತ್ತು ನಡೆದರೂ ಓದು-ಬರಹ ನಿಲ್ಲುವುದಿಲ್ಲ. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಒಟ್ಟಿಗೇ ಮುಗಿಯುವ ಆದೇಶಗಳ ಗುಂಪಿನಲ್ಲಿ) ಕಟ್ಟಬಾರದು. ಕಟ್ಟಿದರೆ ಮೊದಲ ಹೆಜ್ಜೆಯ ಲಾಕ್, ಅಂದರೆ ಬೇರೆಯವರು ಟೇಬಲ್‌ಗೆ ಬರೆಯದಂತೆ ತಡೆಯುವ ಬೀಗ, ಕೊನೆಯವರೆಗೂ ಹಿಡಿದೇ ಇರುತ್ತದೆ.

ಕೀ ಸೇರಿಸುವ ಆದೇಶವಾದ ಆಲ್ಟರ್‌ಗೆ ಮುಂಚೆ ಲಾಕ್ ಟೈಮ್‌ಔಟ್ (ಲಾಕ್‌ಗಾಗಿ ಕಾಯುವ ಮಿತಿ) 2 ಸೆಕೆಂಡಿಗೆ ಇಳಿಸುತ್ತೇನೆ. ಯಾವುದೋ ಉದ್ದನೆಯ ಟ್ರಾನ್ಸಾಕ್ಷನ್ ಮುಗಿಯಲೆಂದು ಆಲ್ಟರ್ ಕಾಯುತ್ತ ನಿಂತರೆ, ಅದರ ಲಾಕ್‌ಗೆ ಹೊಂದದ ಕ್ವೆರಿಗಳೆಲ್ಲ ಹಿಂದೆ ಸಾಲುಗಟ್ಟುತ್ತವೆ. ಲಾಕ್ ಸಿಗದೆ ಸೋತರೆ ನಷ್ಟವಿಲ್ಲ, ಮತ್ತೆ ಪ್ರಯತ್ನಿಸಿದರಾಯಿತು.

ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದೇ ಇಲ್ಲ. ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ (ಅದರ ಸಂಗ್ರಹ ಎಂಜಿನ್) ಫಾರಿನ್ ಕೀ ಕಾಲಮ್‌ಗೆ ತಾನೇ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕುವ ಸೂಚಿ) ಮಾಡಿಕೊಳ್ಳುತ್ತದೆ, ಪೋಸ್ಟ್‌ಗ್ರೆಸ್ ಮಾಡುವುದಿಲ್ಲ. ಇಂಡೆಕ್ಸ್ ಇಲ್ಲದಿದ್ದರೆ ಒಬ್ಬ ಗ್ರಾಹಕನನ್ನು ಅಳಿಸಲು ಇಡೀ ಆರ್ಡರ್ ಟೇಬಲ್ ಜಾಲಾಡಬೇಕಾಗುತ್ತದೆ. ಅದಕ್ಕಾಗಿ, ಬರಹ ನಿಲ್ಲಿಸದೆ ಇಂಡೆಕ್ಸ್ ಕಟ್ಟುವ 'ಕ್ರಿಯೇಟ್ ಇಂಡೆಕ್ಸ್ ಕನ್‌ಕರೆಂಟ್ಲಿ' ಬಳಸುತ್ತೇನೆ. ಅದು ಅರ್ಧಕ್ಕೆ ಸೋತರೆ ಇನ್‌ವ್ಯಾಲಿಡ್ ಇಂಡೆಕ್ಸ್ ಒಂದು ಉಳಿದುಬಿಡುತ್ತದೆ. ಅದನ್ನು ತೆಗೆದುಹಾಕಿಯೇ ಮತ್ತೆ ಶುರುಮಾಡಬೇಕು.

ನಾಟ್ ನಲ್‌ಗೂ (ಕಾಲಮ್ ಖಾಲಿ ಇರಬಾರದೆಂಬ ನಿಯಮ) ಹೆಚ್ಚುಕಡಿಮೆ ಇದೇ ದಾರಿ: ಮೊದಲು ಅದನ್ನೇ ಹೇಳುವ ಚೆಕ್ (ಮೌಲ್ಯ ಪಾಲಿಸಬೇಕಾದ ಷರತ್ತು) ಅನ್ನು ನಾಟ್ ವ್ಯಾಲಿಡ್ ಆಗಿ ಹಾಕಿ, ವ್ಯಾಲಿಡೇಟ್ ಮಾಡಿ, ಆಮೇಲೆ ಸೆಟ್ ನಾಟ್ ನಲ್. ಆವೃತ್ತಿ 12ರಿಂದ ಆ ಚೆಕ್ ನೋಡಿಯೇ ಪೋಸ್ಟ್‌ಗ್ರೆಸ್ ಟೇಬಲ್ ಸ್ಕ್ಯಾನ್ ಬಿಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಮಾತ್ರ ಚೆಕ್ ನಂಬುವ ಮುನ್ನ ಆವೃತ್ತಿ ನೋಡಿಕೊಳ್ಳಿ. 8.0.16ಕ್ಕಿಂತ ಹಿಂದಿನವು ಚೆಕ್ ಬರೆದರೆ ತಕರಾರಿಲ್ಲದೆ ಒಪ್ಪಿಕೊಳ್ಳುತ್ತವೆ, ಪಾಲಿಸುವುದಿಲ್ಲ.

ಎಲ್ಲ ನಿಯಮವನ್ನೂ ಹೀಗೆ ತುರುಕುವುದಿಲ್ಲ. ರಿಯಾಯಿತಿಯ ಗರಿಷ್ಠ ಮಿತಿಯಂಥದ್ದು ಆಗಾಗ ಬದಲಾಗುತ್ತಲೇ ಇರುತ್ತದೆ. ಅದನ್ನು ಆ್ಯಪ್‌ಗೇ ಬಿಡುತ್ತೇನೆ.